ಫಿನೋಬಾರ್ಬಿಟಾಲ್ ಕೊಟ್ಟ ಎಐಪಿ ಇಲಿಗಳ ಲಿವರ್‌ನಲ್ಲಿ ಅಲಾಸ್-1 ಲೆಕ್ಕ ಬ್ಯಾಚಿಗೊಂದು ಥರ, ಯಾಕೆ?

ಪಿಪೆಟ್‌ಪುಟ್ಟ ಕೇಳಿದ್ದು:

ಕಾಯಿಲೆ ಅಕ್ಯೂಟ್ ಇಂಟರ್‌ಮಿಟೆಂಟ್ ಪಾರ್ಫೀರಿಯಾ (ಎಐಪಿ): ಹೀಮ್ (ರಕ್ತಕ್ಕೆ ಕೆಂಪು ಕೊಡುವ ಅಣು) ತಯಾರಿಸುವ ಎಚ್‌ಎಂಬಿಎಸ್ ಕಿಣ್ವ ಕಡಿಮೆಯಿರುವ ಆನುವಂಶಿಕ ಕಾಯಿಲೆ. ಎಚ್‌ಎಂಬಿಎಸ್ ಜೀನ್‌ನ ಟಿ1/ಟಿ2 ಇಲಿಗಳು (ಜೀನ್‌ನ ಎರಡೂ ಪ್ರತಿಯಲ್ಲಿ ದೋಷವಿರುವವು), ಬ್ಯಾಚಿಗೆ 5 ಫಿನೋಬಾರ್ಬಿಟಾಲ್ (ಮಂಪರು ತರಿಸುವ ಔಷಧಿ), 5 ಸಲೈನ್. ನಾಲ್ಕು ದಿನ ಹೊಟ್ಟೆಗೆ ಇಂಜೆಕ್ಷನ್, ಕೆಜಿಗೆ 75, 80, 85, 90 ಮಿಗ್ರಾಂ ಏರುಕ್ರಮದಲ್ಲಿ. ಕೊನೆಯ ಡೋಸ್ ಆಗಿ 16 ಗಂಟೆಗೆ ಲಿವರ್ ತೆಗೆದು ಆರ್‌ಎನ್‌ಎ, ಆಮೇಲೆ ಕ್ಯೂಪಿಸಿಆರ್ (ಜೀನ್‌ನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ವಿಧಾನ). ಹೋಲಿಕೆಗೆ ಇಟ್ಟುಕೊಂಡ, ಬದಲಾಗಬಾರದ ರೆಫರೆನ್ಸ್ ಜೀನ್ ಗ್ಯಾಪ್‌ಡಿಎಚ್ ಒಂದೇ.

ಹೀಮ್ ತಯಾರಿ ಶುರುಮಾಡುವ ಅಲಾಸ್-1 ಜೀನ್‌ನ ಏರಿಕೆ ಮೊದಲ ಬ್ಯಾಚ್‌ನಲ್ಲಿ 4 ಪಟ್ಟು, ಎರಡನೆಯದರಲ್ಲಿ 22, ಮೂರನೆಯದರಲ್ಲಿ 9. ಪ್ರೈಮರ್ (ಅಳೆಯುವ ಭಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಎಫಿಷಿಯೆನ್ಸಿ 97%, ಆರ್‌ಐಎನ್ (ಆರ್‌ಎನ್‌ಎ ಗುಣಮಟ್ಟದ ಅಂಕ) ಎಲ್ಲವೂ 8ರ ಮೇಲೆ. ಇನ್ನೊಂದು ತಲೆನೋವು: ಎಚ್‌ಎಂಬಿಎಸ್ ಎಂಆರ್‌ಎನ್‌ಎ ಈ ಇಲಿಗಳಲ್ಲಿ ಇರಬೇಕಾದುದಕ್ಕಿಂತ ಜಾಸ್ತಿ ಕಾಣುತ್ತಿದೆ. ಕಿಣ್ವದ ಚಟುವಟಿಕೆ ಮಾತ್ರ ಸರಿಯಾಗಿಯೇ ನಾರ್ಮಲ್‌ನ 30%ರ ಆಸುಪಾಸು. ತಪ್ಪು ಎಲ್ಲಿ?

ಹೀಮ್‌ಹುಳ ಉತ್ತರ:

ಆರ್‌ಎನ್‌ಎ ಚೆನ್ನಾಗಿದೆ, ಪ್ರೈಮರ್ ಚೆನ್ನಾಗಿದೆ ಅಂದಮೇಲೆ ನೋಡಬೇಕಾದ್ದು ಇಲಿಗಳ ಹೊಟ್ಟೆ. ಅವು ತಿಂದಿದ್ದವೋ ಇಲ್ಲವೋ?

ಎಐಪಿಯಲ್ಲಿ ಎಚ್‌ಎಂಬಿಎಸ್ ಅರ್ಧಕ್ಕೆ ಇಳಿದಿರುವುದಷ್ಟೇ ಸಾಲದು, ಮೇಲಿನಿಂದ ಒತ್ತಡ ಬರಬೇಕು. ಆ ಒತ್ತಡವೇ ಅಲಾಸ್-1, ಹೀಮ್ ತಯಾರಿಯ ಮೊದಲ ಹೆಜ್ಜೆ. ಅದನ್ನು ಏರಿಸುವ ದಾರಿ ಎರಡು. ಒಂದು ಔಷಧಿಯ ದಾರಿ: ಫಿನೋಬಾರ್ಬಿಟಾಲ್‌ನಿಂದ ಸಿಎಆರ್ ಗ್ರಾಹಕ ಎಚ್ಚೆತ್ತು ಅಲಾಸ್-1ರ ಎನ್‌ಹಾನ್ಸರ್ (ಜೀನನ್ನು ಚುರುಕು ಮಾಡುವ ಡಿಎನ್‌ಎ ಭಾಗ) ಮೇಲೆ ಕೂರುತ್ತದೆ, ಜೊತೆಗೆ ಔಷಧಿ ಒಡೆಯುವ ಹೊಸ ಕಿಣ್ವಗಳಾದ ಸೈಟೋಕ್ರೋಮ್ ಪಿ450ಗಳು ಇದ್ದ ಹೀಮ್ ನುಂಗುತ್ತವೆ, ಹೀಮ್ ಇಳಿದರೆ ಅಲಾಸ್-1 ಮೇಲಿನ ಕಡಿವಾಣವೂ ಸಡಿಲ. ಇನ್ನೊಂದು ಹಸಿವಿನ ದಾರಿ: ಉಪವಾಸದಲ್ಲಿ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನು ಏರುತ್ತದೆ, ಫಾಕ್ಸ್‌ಒ1 ಮತ್ತು ಎನ್‌ಆರ್‌ಎಫ್1 ಜೊತೆ ಸೇರಿ ಅದೇ ಜೀನನ್ನು ಓಡಿಸುತ್ತದೆ.

ನಿಮ್ಮ ಪ್ರಯೋಗದಲ್ಲಿ ಎರಡೂ ದಾರಿ ತೆರೆದಿವೆ. 90 ಮಿಗ್ರಾಂ ಬಿದ್ದ ಇಲಿ ಮಂಪರಿನಲ್ಲಿ ಬಿದ್ದಿರುತ್ತದೆ, ತಿನ್ನುವುದಿಲ್ಲ. ಸಲೈನ್ ಇಲಿ ರಾತ್ರಿಯಿಡೀ ಮೇಯುತ್ತದೆ. ಹಾಗಾದರೆ ನೀವು ಅಳೆದದ್ದು ಔಷಧಿ ಮತ್ತು ಉಪವಾಸ ಎರಡರ ಮೊತ್ತ. ಒಂದೊಂದು ಬ್ಯಾಚ್ ಒಂದೊಂದಷ್ಟು ಹಸಿದಿದ್ದರೆ 4 ಮತ್ತು 22 ಎರಡೂ "ಸರಿ"ಯೇ!

ಮಾಡಬೇಕಾದ್ದು: ಪ್ರತಿದಿನ ಬೆಳಗ್ಗೆ ಆಹಾರ ತೂಗಿ, ಇಲಿ ತೂಗಿ. ಫಿನೋಬಾರ್ಬಿಟಾಲ್ ಗುಂಪು ಎಷ್ಟು ತಿಂದಿತೋ ಅಷ್ಟನ್ನೇ ಮರುದಿನ ಸಲೈನ್ ಗುಂಪಿಗೆ ಕೊಡಿ. ಸಲೈನ್ ಇಲಿಗಳು ಹೀಗೆ ಒಂದು ದಿನ ಹಿಂದೆ ಓಡಬೇಕು. ಕೊನೆಗೆ ಎಲ್ಲ ಇಲಿಗಳಿಗೂ ಲಿವರ್ ತೆಗೆಯುವ 4 ಗಂಟೆ ಮೊದಲು ಆಹಾರ ತೆಗೆದುಬಿಡಿ. ಹಸಿವು ಎಷ್ಟಿತ್ತು ಎಂದು ತಿಳಿಯಲು ಉಪವಾಸದಲ್ಲಿ ಏರುವ ಪಿಸಿಕೆ1 ಜೀನನ್ನೂ ಅದೇ ಪ್ಲೇಟ್‌ನಲ್ಲಿ ಹಾಕಿ.

ಗ್ಯಾಪ್‌ಡಿಎಚ್ ಬಿಟ್ಟುಬಿಡಿ. ಅದು ಗ್ಲೈಕಾಲಿಸಿಸ್ ಕಿಣ್ವ. ತಿಂದ ಲಿವರ್ ಮತ್ತು ಹಸಿದ ಲಿವರ್ ನಡುವೆ ಅದು ಅಲುಗಾಡದೆ ಕೂರುತ್ತದೆ ಎಂದು ನಂಬಲು ಕಾರಣವಿಲ್ಲ. 1.2 ಸೈಕಲ್ ಸರಿದರೆ ಸಾಕು, ಉತ್ತರ 2.3 ಪಟ್ಟು ತಪ್ಪುತ್ತದೆ. ಎಚ್‌ಪಿಆರ್‌ಟಿ, ಟಿಬಿಪಿ, ಪಿಪಿಐಎ ಮೂರನ್ನೂ ನಿಮ್ಮದೇ ಸ್ಯಾಂಪಲ್‌ಗಳಲ್ಲಿ ಓಡಿಸಿ, ಅಲುಗದ ಎರಡರ ಜ್ಯಾಮಿತೀಯ ಸರಾಸರಿ ಇಟ್ಟುಕೊಳ್ಳಿ.

ಸಿಎಆರ್‌ಓಟ ಉತ್ತರ:

ಮೇಲಿನದು ಬಹುಪಾಲು ಒಪ್ಪಿದೆ, ಪಿಸಿಕೆ1 ವಿಷಯ ಬಿಟ್ಟು. ಅಲ್ಲೊಂದು ಗುಂಡಿ ಇದೆ. ಸಿಎಆರ್ ಎಚ್ಚೆತ್ತಾಗ ಅದು ಫಾಕ್ಸ್‌ಒ1ನ್ನೇ ಹಿಡಿದು ಪಿಸಿಕೆ1 ಮತ್ತು ಜಿ6ಪಿಸಿ ಎರಡನ್ನೂ ತಗ್ಗಿಸುತ್ತದೆ. ಅಂದರೆ ಫಿನೋಬಾರ್ಬಿಟಾಲ್ ಕೊಟ್ಟ ಹಸಿದ ಇಲಿಯೂ ಪಿಸಿಕೆ1 ಲೆಕ್ಕದಲ್ಲಿ ಹೊಟ್ಟೆ ತುಂಬಿದಂತೆ ಕಾಣಬಹುದು. ಸಲೈನ್ ಗುಂಪಿನೊಳಗೆ ಮಾತ್ರ ಅದನ್ನು ನಂಬಿ. ಎರಡು ಗುಂಪು ಹೋಲಿಸಲು ಆಹಾರದ ತಕ್ಕಡಿ ಮತ್ತು ಲಿವರ್ ಗ್ಲೈಕೋಜೆನ್ ಸಾಕು.

ಔಷಧಿ ನಿಜಕ್ಕೂ ಒಳಗೆ ಹೋಯಿತೇ ಎನ್ನಲು ಸಿವೈಪಿ2ಬಿ10 ನೋಡಿ, ಅದು ಸಿಎಆರ್ ಏರಿಸುವ ಪಿ450 ಜೀನ್. ಇಂಜೆಕ್ಷನ್ ಕರುಳಿಗೋ ಚರ್ಮದಡಿಗೋ ತಪ್ಪಿ ಹೋದ ಇಲಿಯಲ್ಲಿ ಅದು ಉಳಿದವುಗಳಷ್ಟು ಏರಿರುವುದಿಲ್ಲ. ಅಂಥ ಇಲಿಯನ್ನು ಲೆಕ್ಕದಿಂದ ತೆಗೆಯುವ ನಿಯಮ ಮೊದಲೇ ಬರೆದಿಡಿ, ಅಲಾಸ್-1 ನಂಬರ್ ನೋಡಿದ ಮೇಲೆ ಅಲ್ಲ.

ಸಮಯ ಇನ್ನೊಂದು. ಅಲಾಸ್-1 ದೇಹದ ಗಡಿಯಾರಕ್ಕೆ ಕಟ್ಟಿಬಿದ್ದ ಜೀನ್, ಎಂಆರ್‌ಎನ್‌ಎ ಆಯಸ್ಸೂ ಕೆಲವೇ ಗಂಟೆ. ಮೊದಲ ಇಲಿ ಬೆಳಗ್ಗೆ 9ಕ್ಕೆ, ಹತ್ತನೆಯದು ಮಧ್ಯಾಹ್ನ 2ಕ್ಕೆ ಆಗಿದ್ದರೆ ಅದೇ ಒಂದು ವ್ಯತ್ಯಾಸ. ಎರಡು ಗುಂಪನ್ನೂ ಒಂದಾದ ಮೇಲೊಂದು ಹೆಣೆದು, ಒಂದೂವರೆ ಗಂಟೆಯೊಳಗೆ ಮುಗಿಸಿ. ಮಧ್ಯೆ ರಕ್ತ ತೆಗೆಯಲು ಅರಿವಳಿಕೆ ಬೇಕಾದರೆ ಐಸೋಫ್ಲುರೇನ್. ಪೆಂಟೋಬಾರ್ಬಿಟಾಲ್ ಕೊಟ್ಟರೆ ಸಲೈನ್ ಗುಂಪಿಗೂ ಬಾರ್ಬಿಟುರೇಟ್ ಕೊಟ್ಟಂತಾಯಿತು, ಕಂಟ್ರೋಲ್ ಅನ್ನೋದೇ ಉಳಿಯಲ್ಲ.

ಎಚ್‌ಎಂಬಿಎಸ್ ಪ್ರಶ್ನೆಗೆ: ಪ್ರೈಮರ್ ಯಾವ ಎಕ್ಸಾನ್‌ಗಳಲ್ಲಿವೆ (ಎಕ್ಸಾನ್ ಅಂದರೆ ಎಂಆರ್‌ಎನ್‌ಎಯಲ್ಲಿ ಉಳಿಯುವ ಜೀನ್‌ನ ತುಂಡು)? ಆ ಜೀನ್‌ಗೆ ಪ್ರೊಮೋಟರ್ (ನಕಲು ಶುರುವಾಗುವ ಜಾಗ) ಎರಡು. ಎಲ್ಲ ಅಂಗಾಂಶಗಳ ರೂಪದಲ್ಲಿ ಎಕ್ಸಾನ್ 1 ಆದಮೇಲೆ ನೇರ 3. ಕೆಂಪುರಕ್ತಕಣದ ರೂಪ ಎಕ್ಸಾನ್ 2ರಿಂದ ಶುರು. 3ರಿಂದಾಚೆ ಪ್ರೈಮರ್ ಇಟ್ಟರೆ ಲಿವರ್‌ನಲ್ಲಿ ಉಳಿದ ರಕ್ತದ ಎಳೆಯ ಕಣಗಳೂ ಎಣಿಕೆಗೆ ಬರುತ್ತವೆ. ಮುಂದಿನ ಪ್ರೈಮರ್ ಎಕ್ಸಾನ್ 1ರಲ್ಲಿ, ಹಿಂದಿನದು 3ರಲ್ಲಿ ಇಡಿ. ಪೋರ್ಟಲ್ ರಕ್ತನಾಳದಿಂದ ತಣ್ಣನೆ ಪಿಬಿಎಸ್ (ಉಪ್ಪಿನ ದ್ರಾವಣ) ಹಾಯಿಸಿ ಲಿವರ್ ಬಿಳಿಚುವವರೆಗೂ ತೊಳೆಯಿರಿ. ತೊಳೆದದ್ದು ಸಾಕೇ ಎಂದು ನೋಡಲು ಅಲಾಸ್-2 ಓಡಿಸಿ, ಅದು ಕೆಂಪುಕಣದ್ದೇ ಜೀನ್. ಅಂದಹಾಗೆ ಎಕ್ಸಾನ್ 1ರ ದೋಷವಿರುವ ರೋಗಿಗಳಲ್ಲಿ ರಕ್ತದ ಎಚ್‌ಎಂಬಿಎಸ್ ಕಿಣ್ವ ಪರೀಕ್ಷೆ ನಾರ್ಮಲ್ ಬರುವುದಕ್ಕೂ ಇದೇ ಕಾರಣ.

ಪಿಪೆಟ್‌ಪುಟ್ಟ:

ಎರಡನೇ ಬ್ಯಾಚ್‌ನ ಫಿನೋಬಾರ್ಬಿಟಾಲ್ ಇಲಿಗಳು 4 ದಿನದಲ್ಲಿ ಸರಾಸರಿ 11% ತೂಕ ಕಳೆದುಕೊಂಡಿವೆ, ಮೊದಲನೆಯದರಲ್ಲಿ 3%. ಸಿಕ್ಕಿತು. ಎಚ್‌ಎಂಬಿಎಸ್ ಪ್ರೈಮರ್ ಎಕ್ಸಾನ್ 9–10. ಮುಂದಿನ ಹಂತದಲ್ಲಿ ಅಲಾಸ್-1ಗೆ ಗಾಲ್‌ನ್ಯಾಕ್ (ಲಿವರ್‌ಗೆ ಒಯ್ಯುವ ಸಕ್ಕರೆ) ಕಟ್ಟಿದ ಎಸ್‌ಐಆರ್‌ಎನ್‌ಎ (ಎಂಆರ್‌ಎನ್‌ಎ ಕತ್ತರಿಸುವ ಚಿಕ್ಕ ಆರ್‌ಎನ್‌ಎ) ಪರೀಕ್ಷೆ ಇದೆ. ಇದೇ ಪ್ರೈಮರ್ ಸಾಕೇ? ರೋಗಿಗಳ ಲಿವರ್‌ನಲ್ಲೂ ಹೀಗೇ ಏರುಪೇರು ಇರುತ್ತದೆಯೇ?

ಹೀಮ್‌ಹುಳ:

ಪ್ರೈಮರ್ ಜೋಡಿ ಎಸ್‌ಐಆರ್‌ಎನ್‌ಎ ಕತ್ತರಿಸುವ ಜಾಗದ ಎರಡೂ ಕಡೆ ಇರಬೇಕು. ಕತ್ತರಿಸಿದ ಮೇಲೆ ಬಾಲದ ತುಂಡು ಕೆಲಹೊತ್ತು ಉಳಿದಿದ್ದರೆ, ಅಲ್ಲೇ ಪ್ರೈಮರ್ ಇಟ್ಟವರಿಗೆ "ಔಷಧಿ ಕೆಲಸ ಮಾಡಿಲ್ಲ" ಅಂತ ಕಾಣುತ್ತದೆ. ಕತ್ತರಿಸಿದ್ದು ನಿಮ್ಮ ಎಸ್‌ಐಆರ್‌ಎನ್‌ಎಯೇ ಎಂದು ತೋರಿಸಲು 5-ಪ್ರೈಮ್ ರೇಸ್ (ತುಂಡಿನ ತುದಿ ಎಲ್ಲಿದೆ ಎಂದು ಗುರುತಿಸುವ ವಿಧಾನ) ಮಾಡಿ.

ಎಂಆರ್‌ಎನ್‌ಎ ಒಂದನ್ನೇ ನಂಬಬೇಡಿ. ಹೀಮ್ ಈ ಜೀನನ್ನು ನಕಲಾಗುವಾಗ ಮಾತ್ರ ತಡೆಯುವುದಿಲ್ಲ. ಎಂಆರ್‌ಎನ್‌ಎ ಬೇಗ ಕರಗುವಂತೆ ಮಾಡುತ್ತದೆ, ಪ್ರೋಟೀನು ಮೈಟೊಕಾಂಡ್ರಿಯದೊಳಗೆ ಹೋಗುವುದನ್ನೂ ತಡೆಯುತ್ತದೆ. ಎಚ್‌ಎಂಬಿಎಸ್ ಕಡಿಮೆಯಿದ್ದಾಗ ಹಿಂದೆ ಶೇಖರವಾಗುವ, ಮೂತ್ರದ ಎಎಲ್‌ಎ ಮತ್ತು ಪಿಬಿಜಿಯನ್ನು ಕ್ರಿಯಾಟಿನಿನ್‌ಗೆ ಭಾಗಿಸಿ ಜೊತೆಗಿಡಿ.

ವಾರ್ಡ್‌ರೌಂಡ್ಸ್ ಉತ್ತರ:

ರೋಗಿಗಳ ಬಗ್ಗೆ ಎರಡು ಮಾತು. ಎಐಪಿಗೆ ಅಂತ ಬಯಾಪ್ಸಿ ಮಾಡುವ ಪದ್ಧತಿ ಇಲ್ಲ, ಲಿವರ್ ತುಂಡು ಸಿಗುವುದು ಹೆಚ್ಚಾಗಿ ಕಸಿಯಾದಾಗ. ಆಗ ಮೊದಲು ಕೇಳಬೇಕಾದ್ದು: ಹೆಮಿನ್ (ಔಷಧಿಯಾಗಿ ಕೊಡುವ ಹೀಮ್) ಯಾವಾಗ ಕೊಟ್ಟಿದ್ದರು? ಕಾಯಿಲೆ ಕೆರಳಿ ದಾಳಿ ಬಂದಾಗ ಕೆಜಿಗೆ 3–4 ಮಿಗ್ರಾಂ, ದಿನಕ್ಕೊಮ್ಮೆ, 4 ದಿನ ಕೊಡುವುದು ರೂಢಿ. ಅದು ಅಲಾಸ್-1 ತಗ್ಗಿಸುತ್ತದೆ. ಆದರೆ ವರ್ಷಗಟ್ಟಲೆ ಮತ್ತೆ ಮತ್ತೆ ಕೊಟ್ಟರೆ ಹೀಮ್ ಒಡೆಯುವ ಎಚ್‌ಎಂಒಎಕ್ಸ್1 ಏರುತ್ತದೆ, ಅಂದರೆ ಕೊಟ್ಟ ಹೀಮನ್ನು ಲಿವರೇ ಬೇಗ ಕರಗಿಸುತ್ತದೆ. ಅಂಥ ಲಿವರ್‌ನ ಅಲಾಸ್-1 ಸಂಖ್ಯೆಯನ್ನು ಎಚ್‌ಎಂಒಎಕ್ಸ್1 ಪಕ್ಕದಲ್ಲಿಟ್ಟೇ ಓದಬೇಕು.

ಹಸಿವಿನ ದಾರಿ ಮನುಷ್ಯರಲ್ಲೂ ಅದೇ. ದಿನಕ್ಕೆ ಕನಿಷ್ಠ 300 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವ ಹಳೆಯ ಸಲಹೆಯ ಹಿಂದೆ ಇರುವುದು ಇನ್ಸುಲಿನ್: ಅದು ಫಾಕ್ಸ್‌ಒ1ನ್ನು ಕೋಶಕೇಂದ್ರದಿಂದ ಹೊರಗಟ್ಟುತ್ತದೆ. ಬರೀ 10% ಡೆಕ್ಸ್‌ಟ್ರೋಸ್ 3 ಲೀಟರ್ ಹರಿಸಿದರೂ 300 ಗ್ರಾಂ ಆಗುತ್ತದೆ, ಆದರೆ ಎಐಪಿ ದಾಳಿಯಲ್ಲಿ ಸೋಡಿಯಂ ಮೊದಲೇ ಬೀಳುತ್ತಿರುತ್ತದೆ, ಉಪ್ಪಿಲ್ಲದ ನೀರು ತುಂಬಿದರೆ ಫಿಟ್ಸ್ ಬರಬಹುದು. ಫಿಟ್ಸ್‌ಗೆ ಯಾರೋ ಫೆನಿಟಾಯಿನ್ ಕೊಟ್ಟರೆ ಅಲಾಸ್-1 ಮತ್ತೆ ಏರುತ್ತದೆ. ಆದ್ದರಿಂದ ಸಲೈನ್‌ನಲ್ಲಿ ಬೆರೆತ ಡೆಕ್ಸ್‌ಟ್ರೋಸ್, ಬಾಯಿಂದ ಆದಷ್ಟು.

ನಿಮ್ಮ ಎಸ್‌ಐಆರ್‌ಎನ್‌ಎಯ ಮನುಷ್ಯರ ರೂಪ ಗಿವೊಸಿರಾನ್. ಅಮೆರಿಕದ ಎಫ್‌ಡಿಎ 2019ರ ನವೆಂಬರ್‌ನಲ್ಲಿ ಒಪ್ಪಿತು. ಕೆಜಿಗೆ 2.5 ಮಿಗ್ರಾಂ, ತಿಂಗಳಿಗೊಮ್ಮೆ ಚರ್ಮದಡಿಗೆ. 94 ಜನರ 6 ತಿಂಗಳ ಪರೀಕ್ಷೆಯಲ್ಲಿ ಎಐಪಿ ಇದ್ದವರ ವಾರ್ಷಿಕ ದಾಳಿಗಳು ಸರಾಸರಿ ಪ್ಲಸೀಬೊ (ಔಷಧಿಯಿಲ್ಲದ ಇಂಜೆಕ್ಷನ್) ಗುಂಪಿನಲ್ಲಿ 12.5, ಗಿವೊಸಿರಾನ್ ಗುಂಪಿನಲ್ಲಿ 3.2. ಹೋಮೋಸಿಸ್ಟೀನ್ ಏರುವುದು, ಲಿವರ್ ಕಿಣ್ವಗಳು, ಕಿಡ್ನಿ ಇವುಗಳ ಮೇಲೆ ಕಣ್ಣಿಡಬೇಕು. ಇಲಿಗಳಲ್ಲೂ ಹೋಮೋಸಿಸ್ಟೀನ್ ಅಳೆದುಬಿಡಿ, ಪ್ಲಾಸ್ಮಾ ಹೇಗೂ ಕೈಯಲ್ಲಿರುತ್ತದೆ. ತೆಗೆದ ರಕ್ತವನ್ನು ಬೆಂಚ್ ಮೇಲೆ ಬಿಡದೆ ಐಸ್‌ನಲ್ಲಿಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸಿ. ಇಲ್ಲವಾದರೆ ಕೆಂಪುಕಣಗಳೇ ಹೋಮೋಸಿಸ್ಟೀನ್ ಸೋರಿಸಿ ಸುಳ್ಳು ಏರಿಕೆ ತೋರಿಸುತ್ತವೆ. ಮೂತ್ರದ ಟ್ಯೂಬ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಪಿಬಿಜಿ ಬೆಳಕಿಗೆ ಕೆಡುತ್ತದೆ.