ಅಪ್‌ಡೇಟ್: ಹಾಲು, ಮೊಟ್ಟೆ, ಕಡಲೆಕಾಯಿ ಒಗ್ಗದ ಮಗಳಿಗೆ ಪ್ರೋಟೀನ್

ಹಾಲು, ಮೊಟ್ಟೆ, ಕಡಲೆಕಾಯಿ ಮೂರೂ ಅಲರ್ಜಿಯಿರುವ ನಾಲ್ಕು ವರ್ಷದ ಮಗಳಿಗೆ ಪ್ರೋಟೀನ್ ಒದಗಿಸುವ ಬಗೆಯನ್ನು ಮೂರು ವಾರಗಳ ಹಿಂದೆ ಕೇಳಿದ್ದೆ. ಫಲ ಕೊಟ್ಟದ್ದು ಮಂಡ್ಯದ ಅಕ್ಕ ಒಬ್ಬರು ಸೂಚಿಸಿದ ಹುರಳಿಕಾಳು. ಅವರಿಗೆ ಮನಃಪೂರ್ವಕ ಧನ್ಯವಾದಗಳು. ಕಡಲೆಕಾಯಿ ಒಗ್ಗದ ಕೆಲವು ಮಕ್ಕಳಿಗೆ ಬೇರೆ ಕಾಳುಗಳೂ ಒಗ್ಗದಿರಬಹುದಾದ್ದರಿಂದ, ಮೈಸೂರಿನ ನಮ್ಮ ವೈದ್ಯರನ್ನು ಕೇಳಿಕೊಂಡೇ ಆರಂಭಿಸಿದೆವು. ಇಷ್ಟು ದಿನ ಬಸ್ಸಾರಿನ ಕಟ್ಟನ್ನು ಮಾತ್ರ ಮುದ್ದೆಗೆ ಹಾಕಿ ಉಣಿಸುತ್ತಿದ್ದೆ. ಪ್ರೋಟೀನಿನ ಬಹುಪಾಲು ಬಸಿದ ಕಾಳಿನಲ್ಲೇ ಉಳಿಯುತ್ತದೆಂದು ತಿಳಿದದ್ದು ಈಗ. ಅದನ್ನು ನುಣ್ಣಗೆ ಅರೆದು ಸಾರಿಗೇ ಬೆರೆಸಿದ ಮೇಲೆ, ತಟ್ಟೆಯ ಅಂಚಿಗೆ ಕಾಳು ಸರಿಸುತ್ತಿದ್ದ ಮಗಳು ಬೆರಳು ನೆಕ್ಕಿಕೊಂಡು ಉಣ್ಣುತ್ತಿದ್ದಾಳೆ. 100 ಗ್ರಾಂ ಒಣ ಹುರಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ರಾಗಿಯಲ್ಲಿ ಸುಮಾರು 7 ಗ್ರಾಂ ಮಾತ್ರ. ಮೇಕೆ ಹಾಲಿನ ಸಲಹೆಯನ್ನು ಕೈಬಿಟ್ಟೆವು. ಹಸುವಿನ ಹಾಲು ಅಲರ್ಜಿಯಾದವರಲ್ಲಿ ಬಹುತೇಕರಿಗೆ ಅದೂ ಅಲರ್ಜಿಯಾಗುತ್ತದೆಂದು ವೈದ್ಯರು ಎಚ್ಚರಿಸಿದರು.