‘ಲೀಕೇಜ್ ಕರೆಂಟ್’: ಸೋರುತ್ತದೋ, ಜಿನುಗುತ್ತದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯಲ್ಲಿ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಗೀಸರ್ ರಿಪೇರಿ ಕಲಿಯುವ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡುತ್ತಿದ್ದೇವೆ. ಮನೆಬಳಕೆಯ ವಿದ್ಯುತ್ ಸಾಮಾನುಗಳ ಸುರಕ್ಷತೆಗೆ ಐಎಸ್ 302 ಅನ್ನೋ ಮಾನದಂಡ ಇದೆಯಲ್ಲ, ಅದರಲ್ಲಿ ಹೇಳಿದ ಪರೀಕ್ಷೆಗಳು ಯಾಕೆ, ಹೇಗೆ ಅಂತ ಅವರಿಗೆ ತಿಳಿಯಬೇಕು. ಪ್ಲಗ್, ಪಿನ್, ಸ್ವಿಚ್, ಕಾಯಿಲ್ ಎಲ್ಲ ಹಾಗೇ ಇರಲಿ ಅಂತ ಬಿಟ್ಟೆವು, ಜಗಳ ಇಲ್ಲ. ಗಂಟು ಬಿದ್ದಿರುವುದು ‘ಲೀಕೇಜ್ ಕರೆಂಟ್’ ಹತ್ತಿರ, ಅಂದರೆ ಇನ್ಸುಲೇಷನ್ (ಕರೆಂಟ್ ಹೊರಗೆ ಬಾರದಂತೆ ತಡೆಯುವ ಹೊದಿಕೆ) ದಾಟಿ ಸಾಮಾನಿನ ಹೊರಮೈಗೆ ಬರುವ ಚೂರು ಕರೆಂಟ್.

‘ಸೋರಿಕೆ ವಿದ್ಯುತ್’ ಅಂತ ಬರೆದರೆ ಆಯ್ತಲ್ಲ ಅಂತ ನೀವು ಕೇಳಬಹುದು. ಪತ್ರಿಕೆಗಳಲ್ಲಿ ‘ವಿದ್ಯುತ್ ಸೋರಿಕೆ’ ಅಂದರೆ ಲೈನಿನಲ್ಲಿ ಆಗುವ ನಷ್ಟ, ಇಲ್ಲವೇ ಕಳ್ಳತನ. ಹೆಸ್ಕಾಂ ಸುದ್ದಿ ಓದಿಕೊಂಡು ಬಂದವರಿಗೆ ಅದೇ ಅರ್ಥ ಮೊದಲು ಹೊಳೆಯುತ್ತದೆ. ಇನ್ನು ಗೀಸರ್ ಪಾಠದಲ್ಲಿ ‘ಸೋರಿಕೆ ಪರೀಕ್ಷೆ’ ಅಂತ ಬಂದರೆ ಮುಗಿಯಿತು, ಟ್ಯಾಂಕಿನ ಕೆಳಗೆ ಕೈ ಇಟ್ಟು ನೀರು ತೊಟ್ಟಿಕ್ಕುತ್ತಿದೆಯಾ ಅಂತ ನೋಡುತ್ತಾರೆ. ತಪ್ಪು ಅವರದಲ್ಲ.

ಇಷ್ಟೇ ಆಗಿದ್ದರೆ ಹೇಗೋ ಹೊಂದಿಸಬಹುದಿತ್ತು. ನನಗೆ ಜಾಸ್ತಿ ಚುಚ್ಚುವುದು ಬೇರೆ ವಿಷಯ. ಕನ್ನಡದಲ್ಲಿ ‘ಸೋರು’ ಅಂದ ಕೂಡಲೇ ಎಲ್ಲೋ ತೂತು ಇದೆ, ಕೆಟ್ಟಿದೆ ಅಂತಲೇ ಅರ್ಥ. ಆದರೆ ಲೀಕೇಜ್ ಕರೆಂಟ್ ಹಾಗಲ್ಲ. ಅದು ಒಳ್ಳೇ ಸಾಮಾನಿನಲ್ಲೂ ಚೂರು ಇದ್ದೇ ಇರುತ್ತದೆ, ಯಾಕೆಂದರೆ ಯಾವ ಇನ್ಸುಲೇಷನ್ನೂ ನೂರಕ್ಕೆ ನೂರು ತಡೆಯುವುದಿಲ್ಲ. ಅರ್ಥಿಂಗ್ ಇರುವ, ಕೈಯಲ್ಲಿ ಎತ್ತಿ ಬಳಸುವ ಸಾಮಾನಿಗೆ 0.75 ಮಿಲಿಆಂಪಿಯರ್ ತನಕ ಮಾನದಂಡವೇ ಒಪ್ಪುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ತಣ್ಣಗಿರುವಾಗ ಅಳೆದರೆ ಸಾಲದು. ಚೆನ್ನಾಗಿ ಕಾಯಬೇಕು, ಕಾದಿರುವಾಗಲೇ ಅಳೆಯಬೇಕು, ಯಾಕೆಂದರೆ ಬಿಸಿಗೆ ಇನ್ಸುಲೇಷನ್ ಬಿಗಿ ಕಳೆದುಕೊಳ್ಳುತ್ತದೆ. ಆ ಬಿಸಿಯಲ್ಲೇ ಕಾಯಿಲಿಗೂ ಬಾಡಿಗೂ ನಡುವೆ ಒಂದು ನಿಮಿಷ 1000 ವೋಲ್ಟ್ ಕೊಟ್ಟು ತಡೆಯುತ್ತದಾ ನೋಡುತ್ತಾರೆ. ಆಮೇಲೆ ಶೇಕಡಾ 93ರಷ್ಟು ತೇವ ಇರುವ ಪೆಟ್ಟಿಗೆಯಲ್ಲಿ 48 ಗಂಟೆ ಇಟ್ಟು ಮತ್ತೆ ಅಳತೆ. ಇಷ್ಟೆಲ್ಲ ಪಾಸಾದ ಇಸ್ತ್ರಿ ಪೆಟ್ಟಿಗೆಯನ್ನು ‘ಸೋರುತ್ತದೆ’ ಅಂತ ಬರೆದರೆ ಹುಡುಗರು ಅದನ್ನು ಬಿಚ್ಚಿ ಕೂತುಬಿಡುತ್ತಾರೆ!

ಹಾಗಾಗಿ ನನ್ನ ಮನಸ್ಸು ‘ಜಿನುಗು’ ಕಡೆ ಇದೆ. ಬೇಸಿಗೆಯಲ್ಲಿ ನೀರು ತುಂಬಿಟ್ಟ ಮಣ್ಣಿನ ಹರವಿ ಜಿನುಗುತ್ತದೆ, ಅದನ್ನು ಯಾರೂ ಒಡೆದಿದೆ ಅನ್ನುವುದಿಲ್ಲ. ಒಡೆದ ಹರವಿ ಸೋರುತ್ತದೆ. ಈ ಎರಡು ಕ್ರಿಯಾಪದಗಳ ನಡುವಿನ ಅಂತರವೇ ನಮಗೆ ಬೇಕಾಗಿರುವುದು. ‘ಜಿನುಗು ಕರೆಂಟ್ 0.75 ಮಿಲಿಆಂಪಿಯರ್ ದಾಟಬಾರದು’ ಅಂತ ಬರೆದರೆ ಓದಿದವರಿಗೆ ಸ್ವಲ್ಪ ಇರಬಹುದು, ಜಾಸ್ತಿ ಆಗಬಾರದು ಅಂತ ಪದದಲ್ಲೇ ಗೊತ್ತಾಗುತ್ತದೆ. ಜಿನುಗುವುದು ನೀರು, ಎಣ್ಣೆ, ಬೆವರು ಮಾತ್ರ, ಕರೆಂಟ್ ಅಲ್ಲ ಅಂತ ಒಬ್ಬ ಗೆಳೆಯರು ತಕರಾರು ತೆಗೆದರು. ಕರೆಂಟ್ ‘ಹರಿಯುತ್ತದೆ’ ಅಂತ ಶಾಲೆಯಿಂದಲೂ ಹೇಳಿಕೊಂಡೇ ಬಂದಿದ್ದೇವಲ್ಲ. ಹರಿಯುವುದಕ್ಕೆ ಜಿನುಗಲು ಯಾವ ಅಡ್ಡಿ?

ನಿಜವಾಗಿ ಕೆಟ್ಟಾಗ ಏನನ್ನಬೇಕು ಅನ್ನುವುದಕ್ಕೆ ನಮ್ಮ ಕಡೆ ಮಾತು ರೆಡಿ ಇದೆ: ‘ಬಾಡಿ ಆಗೈತಿ’. ಫೇಸ್ ವೈರು ಒಳಗೆ ತಗಡಿಗೆ ತಾಗಿದೆ, ಮುಟ್ಟಬೇಡ ಅಂತ ಅರ್ಥ. ಎರಡೇ ಪದದಲ್ಲಿ ಇಡೀ ರೋಗ ಹೇಳುವ ಮಾತು. ಬರೆಯಲು ಹೋದರೆ ಮಾತ್ರ ಫಜೀತಿ. ‘ಬಾಡಿಗೆ ಕರೆಂಟ್ ಬರುತ್ತಿದೆ’ ಅಂತ ಒಂದು ಸಾಲು ಇತ್ತು. ಕರಡು ಓದಿದ ಹುಡುಗಿ, ‘ಸರ್, ಬಾಡಿಗೆ ಮನೀ ಕೇಳೀನಿ, ಇದೇನ್ರೀ ಬಾಡಿಗೆ ಕರೆಂಟ್?’ ಅಂದಳು. ಈಗ ‘ಹೊರಮೈಗೆ’ ಅಂತ ಮಾಡಿದ್ದೇವೆ. ‘ಬಾಡಿ ಆಗಿದೆ’ಯನ್ನು ಮಾತ್ರ ತೆಗೆದಿಲ್ಲ, ಅದನ್ನು ತೆಗೆಯಲು ನನಗೆ ಮನಸ್ಸಿಲ್ಲ.

ಇದರ ಜೊತೆಗೆ ಇನ್ನೊಂದು ಸೊಗಸು ಗಮನಕ್ಕೆ ಬಂತು. ಶಾಕ್ ಬಗ್ಗೆ ಮಾತಾಡುವಾಗ ನಮ್ಮ ಜನ ಎಲ್ಲದಕ್ಕೂ ‘ಹೊಡಿತು’ ಅನ್ನುವುದಿಲ್ಲ. ‘ಜುಮ್ ಅಂತು’, ‘ಹೊಡಿತು’, ‘ಹಿಡ್ಕೊಂಡ್ತು’ ಅಂತ ಮೂರು ಮೆಟ್ಟಿಲು. ಅಳತೆಯ ಜೊತೆ ಇಟ್ಟು ನೋಡಿ. ಸುಮಾರು ಅರ್ಧ ಮಿಲಿಆಂಪಿಯರ್‌ಗೆ ಕೈಗೆ ಗೊತ್ತಾಗಲು ಶುರುವಾಗುತ್ತದೆ, ಅದು ಜುಮ್. ಸುಮಾರು 10 ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲು ಆಗುವುದಿಲ್ಲ, ಅದೇ ‘ಹಿಡ್ಕೊಂಡ್ತು’. ಕರೆಂಟ್ ನಮ್ಮನ್ನು ಹಿಡಿಯಿತು ಅಂತ ನಾವು ಅಂದರೂ ಬಿಡದೆ ಇರುವುದು ನಮ್ಮದೇ ಕೈ. ಕರೆಂಟ್ ದಾರಿ ತಪ್ಪಿ ನೆಲಕ್ಕೆ ಹೋದರೆ ಲೈನ್ ಕಡಿಯಲಿ ಅಂತ ಮನೆಗೆ ಹಾಕಿಸುವ ಆರ್‌ಸಿಸಿಬಿ 30 ಮಿಲಿಆಂಪಿಯರ್‌ಗೆ ಬೀಳುವಂತೆ ಇರುತ್ತದೆ, ಅಂದರೆ ಅದು ಜೀವ ಉಳಿಸಲು ಇರುವುದು, ಜುಮ್ ಅನ್ನಿಸದೇ ಇರಲು ಅಲ್ಲ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಎಂಸಿಬಿ ಅಂತೂ ಇಷ್ಟು ಸಣ್ಣ ಕರೆಂಟಿಗೆ ಕಣ್ಣೂ ಬಿಡುವುದಿಲ್ಲ. ಕೈಪಿಡಿಯಲ್ಲಿ ಈ ಮೂರು ಮಾತುಗಳನ್ನೇ ಶೀರ್ಷಿಕೆ ಮಾಡಿ ಹಾಕೋಣ ಅಂತಿದ್ದೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಮಾನದಂಡದಲ್ಲಿ ‘ಟೈಪ್ ಟೆಸ್ಟ್’, ‘ರೂಟೀನ್ ಟೆಸ್ಟ್’ ಅಂತ ಎರಡಿವೆ. ಮೊದಲನೆಯದು ಒಂದು ನಮೂನೆಯನ್ನು ಲ್ಯಾಬಿನಲ್ಲಿ ಗೋಳು ಹೊಯ್ದುಕೊಳ್ಳುವುದು. ಎರಡನೆಯದು ಕಾರ್ಖಾನೆಯಲ್ಲಿ ತಯಾರಾದ ಒಂದೊಂದನ್ನೂ ಹೊರಗೆ ಬಿಡುವ ಮುಂಚೆ ನೋಡುವುದು: ಅರ್ಥ್ ಕೂಡಿದೆಯಾ, ಹೆಚ್ಚಿನ ವೋಲ್ಟೇಜ್ ತಡೆಯುತ್ತದಾ, ಸರಿಯಾಗಿ ಓಡುತ್ತದಾ. ಟೈಪ್ ಟೆಸ್ಟಿಗೆ ‘ಮಾದರಿ ಪರೀಕ್ಷೆ’ ಅಂದರೆ ಪರೀಕ್ಷೆಗೆ ಮುಂಚಿನ ಪರೀಕ್ಷೆ ಅನ್ನಿಸುತ್ತದೆ, ಎಸ್ಎಸ್ಎಲ್‌ಸಿ ನೆನಪಾಗುತ್ತದೆ. ಲ್ಯಾಬಿನದಕ್ಕೆ ‘ಪರೀಕ್ಷೆ’, ಒಂದೊಂದನ್ನೂ ನೋಡುವುದಕ್ಕೆ ‘ತಪಾಸಣೆ’ ಅಂತ ಇಟ್ಟುಕೊಂಡರೆ ಹೇಗೆ? ನಮ್ಮ ಕಡೆ ‘ತಪಾಸ್ ಮಾಡು’ ಎಲ್ಲರ ಬಾಯಲ್ಲೂ ಇದೆ. ಮೈಸೂರು ಕಡೆಯವರಿಗೆ ಅದು ಪೊಲೀಸರ ಮಾತಿನ ಹಾಗೆ ಕೇಳಿಸುತ್ತದಾ?

‘ಸಜೀವ ತಂತಿ’ ಬಗ್ಗೆ ಚರ್ಚೆ ಬೇಡ. ಪಠ್ಯಪುಸ್ತಕದಲ್ಲಿ ಇದೆ, ಇರಲಿ. ನಾವು ಫೇಸ್ ಅಂತಲೇ ಬರೆಯುತ್ತೇವೆ.

ಕೇಳಬೇಕಾಗಿರುವುದು ಇಷ್ಟು. ‘ಜಿನುಗು ಕರೆಂಟ್’ ನಿಮ್ಮ ಕಿವಿಗೆ ಒಪ್ಪುತ್ತದಾ, ಇಲ್ಲವೇ ‘ಬಸಿ’ ಉತ್ತಮವಾ? ಕಾಲುವೆ ನೀರಾವರಿ ಇರುವ ಊರುಗಳಲ್ಲಿ ‘ಬಸಿಗಾಲುವೆ’ (ಹೊಲದ ಹೆಚ್ಚಿನ ನೀರು ಹೊರಗೆ ಹೋಗುವ ಕಾಲುವೆ) ಬಲ್ಲವರು ಇದ್ದೀರಿ, ಆದರೆ ಬಸಿಯುವುದರಲ್ಲಿ ಬೇಕೆಂದೇ ಹರಿಸಿಬಿಡುವ ಅರ್ಥವೂ ಇದೆ ಅಂತ ನನ್ನ ಅನುಮಾನ. ವಿಜಯಪುರ, ಬೆಳಗಾವಿ ಕಡೆ ಮೋಟಾರ್ ವೈಂಡಿಂಗ್ ಅಂಗಡಿಯವರು ‘ಬಾಡಿ ಆಗೈತಿ’ ಅಂತಲೇ ಅನ್ನುತ್ತಾರಾ, ಬೇರೆ ಮಾತು ಇದೆಯಾ? ಮರಾಠಿಯಿಂದ ಬಂದದ್ದಿದ್ದರೂ ನಡೆಯುತ್ತದೆ, ಬರೆದು ಕಳಿಸಿ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.