ಪದ ಬೇಕಾಗಿದೆ: ನೀರಿನ ಸುದ್ದಿ ಹೇಳುವ ಜೀವಿಗೆ ಏನೆನ್ನೋಣ?

ಗೆಳೆಯರೆ,

ಪ್ರೌಢಶಾಲೆಯ ಮಕ್ಕಳಿಗೆಂದು ಬರೆದ ಒಂದು ಸಣ್ಣ ಪುಸ್ತಿಕೆಯನ್ನು ಧಾರವಾಡದ ಮನೆಯಲ್ಲಿ ಕೂತು ತಿದ್ದುತ್ತಿದ್ದೇನೆ. ಹವಳದ ದಿಬ್ಬಗಳ ಸುತ್ತಲಿನ ನೀರು ನೆಟ್ಟಗಿದೆಯೋ ಕೆಟ್ಟಿದೆಯೋ ಎಂಬುದನ್ನು ಅಲ್ಲೇ ಬದುಕುವ ಜೀವಿಗಳಿಂದ ಅರಿಯುವ ಪಾಠವೊಂದು ಅದರಲ್ಲಿದೆ. ಅಂಥ ಜೀವಿಗಳಿಗೆ ಇಂಗ್ಲಿಷಿನಲ್ಲಿರುವ ಬಯೋಇಂಡಿಕೇಟರ್, ಬಯೋಮಾನಿಟರ್ ಎಂಬ ಎರಡು ಹೆಸರಿಗೂ ಕರಡಿನಲ್ಲಿ ‘ಜೈವಿಕ ಸೂಚಕ’ ಎಂದಿದೆ. ಒಂದು ಕಡೆ ಮಾತ್ರ ‘ಜೈವಿಕ ಮೇಲ್ವಿಚಾರಕ’. ಒಂಬತ್ತನೇ ತರಗತಿಯ ನನ್ನ ತಂಗಿಯ ಮಗನಿಂದ ಗಟ್ಟಿಯಾಗಿ ಓದಿಸಿದೆ. ಅಲ್ಲಿಗೆ ಬಂದು ನಿಂತ: ‘ದೊಡ್ಡವ್ವಾ, ಸಮುದ್ರದಾಗ ಸೂಪರ್‌ವೈಸರ್ ಯಾಕ ಬಂದಾನ?’

ಮೇಲ್ವಿಚಾರಕನನ್ನು ಆಗಲೇ ಹೊಡೆದುಹಾಕಿದೆ. ‘ಜೈವಿಕ ಸೂಚಕ’ವನ್ನು ಹಾಗೆ ತೆಗೆಯಲು ಧೈರ್ಯ ಸಾಲದು, ಅದು ಚಾಲ್ತಿಗೆ ಬಂದ ಪದ. ಆದರೂ ಕಿರಿಕಿರಿ ಹೋಗುತ್ತಿಲ್ಲ. ನಮ್ಮ ಕೃಷಿಮೇಳದಲ್ಲಿ ‘ಜೈವಿಕ’ ಅಂದರೆ ಗೊಬ್ಬರದ ಚೀಲ ತೋರಿಸುತ್ತಾರೆ. ಇನ್ನು ‘ಸೂಚಕ’ ಮಕ್ಕಳಿಗೆ ಲಿಟ್ಮಸ್ ಕಾಗದ, ದೊಡ್ಡವರಿಗೆ ನಾಮಪತ್ರಕ್ಕೆ ಸಹಿ ಹಾಕುವವರು. ಸಭೆಯಲ್ಲಿ ಸೂಚಕರಿದ್ದರೆ ಅನುಮೋದಕರೂ ಬೇಕು! ಅದಕ್ಕಿಂತ ದೊಡ್ಡ ತೊಡಕೆಂದರೆ ‘ಸೂಚನೆ’ ನಮ್ಮಲ್ಲಿ ಹೆಚ್ಚಾಗಿ ಮುಂದೆ ಆಗುವುದಕ್ಕೆ ಬಳಕೆಯಾಗುತ್ತದೆ. ಈ ಜೀವಿಗಳು ಹೇಳುವುದು ಬಹುಮಟ್ಟಿಗೆ ಆಗಿಹೋದದ್ದನ್ನು. ಬಾಟಲಿಯಲ್ಲಿ ತುಂಬಿ ತಂದ ನೀರು ಆ ಗಳಿಗೆಯ ಸಂಗತಿಯನ್ನಷ್ಟೇ ಹೇಳೀತು, ನಿನ್ನೆ ರಾತ್ರಿ ಹರಿದುಬಂದ ಹೊಲಸು ಇಂದು ಅದರಲ್ಲಿ ಸಿಗದಿರಬಹುದು. ತಿಂಗಳುಗಟ್ಟಲೆ ಅದೇ ನೀರಲ್ಲಿ ಕೂತ ಸಿಂಪಿಯ ಮೈಯಲ್ಲಿ ಸಿಕ್ಕೀತು.

ಬಯೋಇಂಡಿಕೇಟರ್ ಇದ್ದು ಅಥವಾ ಇಲ್ಲವಾಗಿ ಸುದ್ದಿ ಹೇಳುತ್ತದೆ. ಚಿಟ್ಟೆಮೀನುಗಳಲ್ಲಿ ಹಲವು ಹವಳದ ಹುಳುವನ್ನೇ ಕಿತ್ತು ತಿನ್ನುವಂಥವು, ಹವಳ ಸತ್ತರೆ ಅವೂ ಕಡಿಮೆಯಾಗುತ್ತವೆ. ಬಯೋಮಾನಿಟರ್‌ನಿಂದ ‘ಎಷ್ಟು’ ಎಂಬ ಉತ್ತರ ಸಿಗಬೇಕು: ಸಿಂಪಿಯ ಮಾಂಸದಲ್ಲಿ ಇಷ್ಟು ತಾಮ್ರ, ಇಷ್ಟು ಸತು ಎಂದು ಅಳೆಯುತ್ತಾರೆ. ಎರಡಕ್ಕೂ ಒಂದೇ ಪದವಾದರೆ ಈ ಅಂತರ ಮಕ್ಕಳಿಗೆ ಕಾಣುವುದೇ ಇಲ್ಲ.

ನನ್ನನ್ನು ಸಿಕ್ಕಿಹಾಕಿಸಿದ್ದು ಫೊರಾಮಿನಿಫೆರಾ. ಮರಳ ಕಣದಷ್ಟು ಚಿಕ್ಕ, ಒಂದೇ ಕೋಶದ ಜೀವಿ. ಬಹಳಷ್ಟಕ್ಕೆ ಸುಣ್ಣದ ಚಿಪ್ಪಿರುತ್ತದೆ. ಇವುಗಳಲ್ಲಿ ಕೆಲವು ಹವಳದಂತೆಯೇ ಮೈಯೊಳಗೆ ಪಾಚಿ ಸಾಕಿಕೊಂಡಿವೆ, ಹಾಗಾಗಿ ಹವಳಕ್ಕೆ ಬೇಕಾದಂಥ ತಿಳಿನೀರು, ಬೆಳಕು ಇವಕ್ಕೂ ಬೇಕು. ನೀರಿಗೆ ಚರಂಡಿಯದೋ ಹೊಲದ ಗೊಬ್ಬರದ್ದೋ ಸತ್ವ ಸೇರಿ ಮಬ್ಬಾದರೆ ಇವು ಹಿಂದೆ ಬಿದ್ದು ಬೇರೆ ಜಾತಿಯವು ಹೆಚ್ಚುತ್ತವೆ. ಕಡಲವಿಜ್ಞಾನಿ ಪಮೇಲಾ ಹ್ಯಾಲಕ್ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ದಿಬ್ಬದ ಬುಡದ ಮರಳು ತಂದು ಚಿಪ್ಪು ಎಣಿಸಿ, ಒಟ್ಟನ್ನು 1 ಎಂದು ಹಿಡಿಯಬೇಕು. ಪಾಚಿ ಸಾಕಿದವುಗಳ ಪಾಲನ್ನು 10ರಿಂದ, ಕಷ್ಟದ ನೀರಿಗೂ ಒಗ್ಗುವವುಗಳ ಪಾಲನ್ನು 1ರಿಂದ, ಉಳಿದ ಚಿಕ್ಕವುಗಳದನ್ನು 2ರಿಂದ ಗುಣಿಸಿ ಕೂಡಿಸಬೇಕು. ಮೊತ್ತ 4 ದಾಟಿದರೆ ನೀರು ಹವಳ ಬೆಳೆಯಲು ತಕ್ಕದ್ದು, 2ಕ್ಕಿಂತ ಕೆಳಗಿದ್ದರೆ ಅಲ್ಲ. ಹವಳವನ್ನೇ ನೋಡಿದರಾಗದೆ ಎಂದರೆ, ಹವಳಕ್ಕೆ ಆಯುಸ್ಸು ಹೆಚ್ಚು, ಚೇತರಿಕೆ ನಿಧಾನ. ಒಂದು ಬಿಸಿ ಬೇಸಿಗೆಗೆ ಬಿಳಿಚಿ ಸತ್ತ ದಿಬ್ಬದಲ್ಲಿ ನೀರು ಚೆನ್ನಾಗಿಯೇ ಇರಬಹುದು. ಬೇಗ ಹುಟ್ಟಿ ಬೇಗ ಸಾಯುವ ಈ ಸಣ್ಣವು ನೀರು ಕೆಟ್ಟದ್ದನ್ನೂ ಬಿಸಿಗೆ ಹವಳ ಸತ್ತದ್ದನ್ನೂ ಬೇರ್ಪಡಿಸಿ ತೋರಿಸುತ್ತವೆ.

ಹಾಗಾದರೆ ಇದು ಇಂಡಿಕೇಟರೋ ಮಾನಿಟರೋ? ಅಂಕಿಯಂತೂ ಇದೆ. ಆದರೆ ಎಣಿಕೆ ನಮ್ಮದು, ಕುರುಹು ಅವುಗಳದು. ಇಂಡಿಕೇಟರ್ ಕಡೆಗೇ ಹಾಕಿದ್ದೇನೆ.

ಹೀಗೆ ‘ಕುರುಹು’ ಬಾಯಿಗೆ ಬಂತು. ಹಾವೇರಿ ಕಡೆಯ ನಮ್ಮ ಅಜ್ಜಿ ಮನೆಯ ಬಾವಿಗೆ ಮೀನು ಬಿಟ್ಟಿದ್ದರು. ನೀರು ಸೇದುವ ಮೊದಲು ಅಜ್ಜಿ ಬಗ್ಗಿ ನೋಡುತ್ತಿದ್ದಳು. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ‘ಉಸುರಿಗೆ ಬಂದಾವು, ಇವತ್ತು ಕುಡಿಯಾಕ ಬ್ಯಾಡ್ರಿ’ ಎಂದು ಹಗ್ಗ ಸುತ್ತಿಡುತ್ತಿದ್ದಳು. ನೀರಲ್ಲಿ ಆಮ್ಲಜನಕ ಕಡಿಮೆಯಾದರೆ ಮೀನು ಹಾಗೆ ಮಾಡುವುದುಂಟು ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

‘ಕುರುಹುಜೀವಿ’ ಆದೀತೇ? ಅರಿಸಮಾಸ ಎಂದು ಹುಬ್ಬೇರಿಸುವವರು ದಯವಿಟ್ಟು ‘ಮಳೆಗಾಲ’ವನ್ನು ನೆನೆಸಿಕೊಳ್ಳಿ. ಬಯೋಮಾನಿಟರ್‌ಗೆ ‘ಅಳತೆಜೀವಿ’ ಎಂದು ಬರೆದೆ, ದರ್ಜಿ ಅಂಗಡಿಯ ಟೇಪು ಕಣ್ಣಿಗೆ ಬಂತು. ‘ನಿಗಾಜೀವಿ’ ಅಂದರೆ ಮತ್ತೆ ಸೂಪರ್‌ವೈಸರ್. ಇದಕ್ಕೆ ನಿಮ್ಮ ಸಹಾಯ ಬೇಕು.

‘ಹವಳ’ಕ್ಕೂ ಒಂದು ಅಡಿಟಿಪ್ಪಣಿ ಹಾಕಬೇಕಾಯಿತು. ನಮ್ಮ ಕಡೆ ಹವಳ ಅಂದರೆ ತಾಳಿಸರದ ಕೆಂಪು ಮಣಿ, ಇಲ್ಲವೇ ಮಂಗಳಗ್ರಹದ ಉಂಗುರ. ಆ ಕೆಂಪು ಹವಳ ಬಹುಕಾಲದಿಂದ ಮೆಡಿಟರೇನಿಯನ್ ಸಮುದ್ರದಿಂದ ಬಂದದ್ದು, ದಿಬ್ಬ ಕಟ್ಟುವ ಜಾತಿಯದಲ್ಲ. ಲಕ್ಷದ್ವೀಪದಲ್ಲೂ ಮನ್ನಾರ್ ಕೊಲ್ಲಿಯಲ್ಲೂ ದಿಬ್ಬ ಕಟ್ಟಿದವು ಬೇರೆ.

ಈ ಪತ್ರ ಹೋಗುವ ಗೆಳೆಯರ ಪಟ್ಟಿಯಲ್ಲಿ ಭಟ್ಕಳ, ಮುರುಡೇಶ್ವರದ ಕಡೆಯವರಿದ್ದೀರಿ. ನೇತ್ರಾಣಿ ದ್ವೀಪದ ಸುತ್ತ ಹವಳ ಉಂಟಲ್ಲ, ಅಲ್ಲಿ ಬಲೆ ಹಾಕುವವರು ಚಿಟ್ಟೆಮೀನಿಗೆ ಏನನ್ನುತ್ತಾರೆ? ನೀರು ಕೆಟ್ಟಿದೆ ಎನ್ನಲು ಅವರು ಯಾವ ಮಾತು ಆಡುತ್ತಾರೆ? ಕೇಳಿದ ಹಾಗೆಯೇ ಬರೆದು ಕಳಿಸಿ, ಶಿಷ್ಟಗನ್ನಡಕ್ಕೆ ತಿದ್ದಬೇಡಿ.